ನಾಟಕ ಅನ್ನುವವರಿಗೆ

ಕಳೆದ ತಿಂಗಳು ನಮ್ಮ ಶಿವಮೊಗ್ಗೆಯ ವಿನೋಬನಗರದ ಒಂದು ಮಹಿಳಾ ಮಂಡಳಿಯವರು ಹತ್ತು ನಿಮಿಷ ಮಾತಾಡಿ ಎಂದು ಕರೆದಿದ್ದರು. ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳಿಗೆ ಹತ್ತು ನಿಮಿಷ ಪೀಠಿಕೆಗೂ ಸಾಲುವುದಿಲ್ಲ. ಇಪ್ಪತ್ತೈದು ನಿಮಿಷ ಮಾತಾಡಿದೆ. ಮಾತಾಡಿದ್ದು ನನ್ನ ತಂಗಿಯ ಮಗಳ ಬಗ್ಗೆ, ಅವಳ ಒಪ್ಪಿಗೆ ಪಡೆದೇ. ಅವಳ ಕಾಯಿಲೆಗೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂದು ಹೆಸರು. ಪ್ರಶ್ನೆಗಳಿದ್ದವರು ಚೀಟಿ ಬರೆದು ಹಾಕಲಿ ಎಂದು ಬಾಗಿಲ ಹತ್ತಿರ ಒಂದು ಖಾಲಿ ಚಕ್ಕುಲಿ ಡಬ್ಬ ಇಟ್ಟಿದ್ದರು. ಹನ್ನೆರಡು ಚೀಟಿ ಬಿದ್ದವು. ಪ್ರಶ್ನೆ ಎನ್ನಬಹುದಾದದ್ದು ಅದರಲ್ಲಿ ಎರಡೇ, ಉಳಿದವೆಲ್ಲ ತೀರ್ಪುಗಳು. ಆ ಹೊತ್ತಿಗೆ ಉಪ್ಪಿಟ್ಟು ಆರುತ್ತಿತ್ತು, ಅಧ್ಯಕ್ಷೆ ಗಡಿಯಾರ ನೋಡುತ್ತಿದ್ದರು. ಚೀಟಿಗಳನ್ನು ಪರ್ಸಿಗೆ ಹಾಕಿಕೊಂಡು ಮನೆಗೆ ಬಂದೆ. ಉತ್ತರ ಇಲ್ಲಿದೆ. ಹುಡುಗಿ ಇದನ್ನು ಓದಿದ್ದಾಳೆ, ಎರಡು ಕಡೆ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದಾಳೆ. ಅಷ್ಟು ಬಿಟ್ಟು ಉಳಿದದ್ದನ್ನು ಬರೆಯುತ್ತೇನೆ.

ಮೊದಲನೆಯದು ನೀಲಿ ಶಾಯಿಯ, ಗುಂಡು ಅಕ್ಷರದ ಚೀಟಿ. ಬರೆದವರು ಮೇಷ್ಟರೋ ಮೇಷ್ಟರ ಹೆಂಡತಿಯೋ ಇರಬೇಕು, ಒಂದು ಕಾಗುಣಿತವೂ ತಪ್ಪಿಲ್ಲ. ‘ಎರಡು ಗಂಟೆ ಅತ್ತು, ಆಮೇಲೆ ನಕ್ಕುಕೊಂಡು ಓಡಾಡುವವರಿಗೆ ಕಾಯಿಲೆ ಎನ್ನುತ್ತೀರಾ? ಇದು ಶುದ್ಧ ನಾಟಕ.’

ಈ ಮಾತನ್ನು ನಾನೂ ಆಡಿದ್ದೇನೆ. ಹಾಗಾಗಿ ಇದಕ್ಕೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ.

ಆಷಾಢದ ಒಂದು ಭಾನುವಾರ. ಹೊರಗೆ ಜಡಿಮಳೆ, ಮಹಡಿಯ ಮೇಲೆ ಅವಳ ಕೋಣೆ. ನಾಲ್ಕು ಗಂಟೆಗೆ ಗೆಳತಿಗೆ ಒಂದು ಮೆಸೇಜು ಕಳಿಸಿದ್ದಾಳೆ. ಎರಡು ನೀಲಿ ಗೆರೆ ಮೂಡಿವೆ, ಉತ್ತರವಿಲ್ಲ. ನಾಲ್ಕೂಕಾಲಿಗೆ ಕೆಳಗೆ ಬಂದು ನೀರು ಕುಡಿದಳು, ಮುಖ ಬಾಡಿತ್ತು. ನಾಲ್ಕೂವರೆಗೆ ಮೇಲಿಂದ ಸ್ಟೀಲ್ ಲೋಟ ಗೋಡೆಗೆ ಬಡಿದ ಸದ್ದು. ನಾನು ಹತ್ತಿ ಹೋದೆ. ‘ಅವಳಿಗೆ ನಾನು ಬೇಡ. ಯಾರಿಗೂ ಬೇಡ. ನಿಂಗೂ ಬೇಡ, ಹೇಳ್ಬಿಡು’ ಎಂದಳು. ಕೈ ನಡುಗುತ್ತಿತ್ತು, ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ಹತ್ತು ವರ್ಷದ ಗೆಳತಿ ಅರ್ಧ ಗಂಟೆಯೊಳಗೆ ದೇವತೆಯಿಂದ ರಾಕ್ಷಸಿಯಾಗಿದ್ದಳು. ಐದೂಮುಕ್ಕಾಲಿಗೆ ಗೆಳತಿಯ ಫೋನು ಬಂತು: ಸಾಗರದ ಬಸ್ಸಿನಲ್ಲಿದ್ದಳಂತೆ, ಮೆಸೇಜು ಓದಿದ ಕೂಡಲೇ ನೆಟ್‌ವರ್ಕ್ ಹೋಯಿತಂತೆ. ಆರೂವರೆಗೆ ನಮ್ಮವಳು ಕೆಳಗಿಳಿದು ಬಂದು, ‘ದೊಡ್ಡಮ್ಮಾ, ಅರವತ್ತಡಿ ರಸ್ತೆಗೆ ಹೋಗ್ತೀನಿ, ಮಂಡಕ್ಕಿ ತರ್ಲಾ?’ ಎಂದಳು. ನನಗೆ ಸಿಟ್ಟು ನೆತ್ತಿಗೇರಿತ್ತು. ಎರಡೂವರೆ ಗಂಟೆ ನನ್ನ ಜೀವ ಬಾಯಿಗೆ ತಂದು ಈಗ ಮಂಡಕ್ಕಿಯಾ? ‘ನಿನ್ನ ನಾಟಕ ಮುಗೀತಾ?’ ಎಂದೆ. ಅವಳು ಛತ್ರಿಯನ್ನು ಬಾಗಿಲ ಮೂಲೆಯಲ್ಲೇ ಇಟ್ಟು ಮೇಲೆ ಹೋದಳು. ಆ ರಾತ್ರಿ ಏನಾಯಿತು ಅನ್ನುವುದು ಅವಳು ಹೊಡೆದುಹಾಕಿದ ಮೊದಲನೆಯ ಜಾಗ.

ಗುಂಡು ಅಕ್ಷರದವರೇ, ನಿಮ್ಮ ತರ್ಕ ಹೀಗೆ ನಡೆದಿದೆ: ಬೇಗ ಹೋದದ್ದು ಸುಳ್ಳು, ಬಹಳ ಹೊತ್ತು ಇದ್ದದ್ದು ನಿಜ. ಚೇಳು ಕಡಿದಾಗ ಈ ಲೆಕ್ಕ ಹಾಕುತ್ತೀರಾ? ವೈದ್ಯರು ಈ ಕಾಯಿಲೆಯನ್ನು ಗುರುತಿಸುವ ಲಕ್ಷಣಗಳಲ್ಲಿ ಈ ವೇಗವೂ ಒಂದು. ಭಾವನೆಯ ಏರಿಳಿತ ಸಾಮಾನ್ಯವಾಗಿ ಕೆಲವು ಗಂಟೆ ಇರುತ್ತದೆ, ಅಪರೂಪಕ್ಕೆ ಕೆಲವು ದಿನ ದಾಟುತ್ತದೆ ಎಂದು ರೋಗಲಕ್ಷಣದ ಪಟ್ಟಿಯಲ್ಲೇ ಬರೆದಿದೆ. ಬೈಪೋಲಾರ್ ಕಾಯಿಲೆಯಲ್ಲಿ ಉನ್ಮಾದ ವಾರಗಟ್ಟಲೆ ಇರುತ್ತದೆ, ಖಿನ್ನತೆ ಎಂದು ಕರೆಯಲು ಎರಡು ವಾರವಾದರೂ ಆಗಬೇಕು. ಇದರದ್ದು ಗಂಟೆಗಳ ಲೆಕ್ಕ. ನೀವು ನಾಟಕಕ್ಕೆ ಸಾಕ್ಷಿ ಎಂದು ಹಿಡಿದದ್ದು ಕಾಯಿಲೆಯ ಗುರುತು.

ನಾಟಕಕ್ಕೆ ಪ್ರೇಕ್ಷಕರು ಬೇಕು, ಅಲ್ಲವೇ? ಜರ್ಮನಿಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಈ ಕಾಯಿಲೆಯ 50 ಜನ, ಕಾಯಿಲೆಯಿಲ್ಲದ 50 ಜನ. ಎಲ್ಲರ ಕೈಗೂ ಒಂದು ಪುಟ್ಟ ಯಂತ್ರ ಕೊಟ್ಟು ಇಪ್ಪತ್ತನಾಲ್ಕು ಗಂಟೆ ಅವರವರ ಪಾಡಿಗೆ ಬಿಟ್ಟರು. ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಅದು ಸದ್ದು ಮಾಡಿ, ‘ಈಗ ಹೇಗನ್ನಿಸುತ್ತಿದೆ’ ಎಂದು ಕೇಳುತ್ತಿತ್ತು. ಅಡುಗೆ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಒಬ್ಬರೇ ಇದ್ದಾಗ. ಚೆನ್ನಾಗಿದ್ದ ಮನಸ್ಸು ದಢಕ್ಕನೆ ಪಾತಾಳಕ್ಕೆ ಬೀಳುವುದು ಕಾಯಿಲೆಯವರಲ್ಲಿ ಹೆಚ್ಚಾಗಿ ಕಂಡಿತು. ನೋಡುವವರು ಯಾರೂ ಇರಲಿಲ್ಲ. ಯಂತ್ರದ ಮುಂದೆ ಯಾರು ನಾಟಕ ಆಡುತ್ತಾರೆ?

ಇನ್ನೊಂದು ಪ್ರಯೋಗದ ಬಗ್ಗೆ ಓದಿದ ದಿನ ನನಗೆ ಆ ನೀಲಿ ಗೆರೆಗಳ ಅರ್ಥ ಆಯಿತು. ಕಂಪ್ಯೂಟರಿನಲ್ಲಿ ಮೂವರು ಚೆಂಡು ಎಸೆದಾಡುವ ಆಟ. ಒಬ್ಬರನ್ನು ಬೇಕಂತಲೇ ಬಿಟ್ಟು ಆಡಿದರೆ ಯಾರಿಗಾದರೂ ಬೇಸರ ಆಗುತ್ತದೆ. ಈ ಕಾಯಿಲೆ ಇದ್ದವರಿಗೆ ಚೆಂಡು ಸಮಪಾಲು ಬಂದಾಗಲೂ ತಮ್ಮನ್ನು ಬಿಟ್ಟೇ ಆಡುತ್ತಿದ್ದಾರೆ ಅನ್ನಿಸುತ್ತದೆ. ಅದು ಅವರು ಹೂಡುವ ವಾದವಲ್ಲ, ಅವರಿಗೆ ಕಾಣುವುದೇ ಹಾಗೆ.

ಇದೇ ಬುಡದ ಇನ್ನೊಂದು ಚೀಟಿ ಸೀರೆ ಅಂಗಡಿಯ ಬಿಲ್ಲಿನ ಹಿಂದೆ ಇತ್ತು: ‘ಗಮನ ಸೆಳೆಯಲು ಮಾಡ್ತಾರೆ. ಗಮನ ಕೊಡದಿದ್ದರೆ ತಾನೇ ಸರಿಹೋಗುತ್ತೆ.’ ಬಾವಿಗೆ ಬಿದ್ದವನು ಕೂಗುವುದೂ ಗಮನ ಸೆಳೆಯಲಿಕ್ಕೇ ತಾಯಿ. ಒಮ್ಮೆ ಅವಳನ್ನು ರಾತ್ರಿ ಹನ್ನೊಂದಕ್ಕೆ ಒಂದು ಆಸ್ಪತ್ರೆಗೆ ಕರೆದುಕೊಂಡು ಓಡಿದ್ದೆವು. ಯಾವುದು ಎಂದು ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ. ಗಾಯಕ್ಕೆ ಪಟ್ಟಿ ಸುತ್ತುತ್ತಾ ಅಲ್ಲಿದ್ದವರೊಬ್ಬರು, ‘ಮತ್ತೆ ಬಂದ್ಯಾ? ಈ ಸಲ ಯಾರ ಮೇಲೆ ಸಿಟ್ಟು?’ ಎಂದರು. ನಿಮ್ಮ ಚೀಟಿಯ ಮಾತನ್ನೇ ಅವರು ಬಿಳಿ ಕೋಟು ಹಾಕಿಕೊಂಡು ಹೇಳಿದ್ದು. ಅಮೆರಿಕದ ಮೆಕ್‌ಲೀನ್ ಆಸ್ಪತ್ರೆಯಲ್ಲಿ ಮೇರಿ ಝನಾರಿನಿ ಎಂಬ ಸಂಶೋಧಕಿ ಇಂಥ 290 ರೋಗಿಗಳನ್ನು ದಶಕಗಟ್ಟಲೆ ಹಿಂಬಾಲಿಸಿದರು. 24 ವರ್ಷದ ಲೆಕ್ಕ ತೆಗೆದಾಗ ನೂರಕ್ಕೆ ಹತ್ತಿರ ಹತ್ತಿರ ಆರು ಮಂದಿ ಆತ್ಮಹತ್ಯೆಯಿಂದ ತೀರಿಕೊಂಡಿದ್ದರು. ಇಂಥ ಅಂತ್ಯದ ನಾಟಕವನ್ನು ನಾನು ಯಾವ ರಂಗಮಂದಿರದಲ್ಲೂ ನೋಡಿಲ್ಲ.

ಆದರೆ ಒಂದು ಮಾತನ್ನು ಒಪ್ಪುತ್ತೇನೆ, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಲೋಟ ಎಸೆದದ್ದು ತಪ್ಪೇ. ಉತ್ತರ ಬಾರದಾಗ ಗೆಳತಿಗೆ ಬರೆದ ಕೆಟ್ಟ ಮೆಸೇಜುಗಳೂ ತಪ್ಪೇ. ಈಗ ಅವಳೇ ಅದನ್ನು ಹೇಳುತ್ತಾಳೆ. ನೋವನ್ನು ಒಪ್ಪುವುದು ಬೇರೆ, ನಡೆಯನ್ನು ಒಪ್ಪುವುದು ಬೇರೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ನಾಲ್ಕು ವರ್ಷ ಹೊತ್ತು ತಿರುಗಿದವಳು ನಾನು. ಲೋಟ ತಪ್ಪು, ಹಾಗಾಗಿ ಅಳುವೂ ಸುಳ್ಳು ಎಂದು ತೀರ್ಮಾನಿಸಿಬಿಟ್ಟಿದ್ದೆ. ಅಳು ನಿಜವಾದರೆ ಲೋಟವನ್ನೂ ಸಹಿಸಬೇಕೇನೋ ಎಂದು ನನ್ನ ತಂಗಿ ಇನ್ನೊಂದು ತುದಿಗೆ ಹೋಗಿದ್ದಳು. ನಮ್ಮಿಬ್ಬರ ನಡುವೆ ಹುಡುಗಿ ಜೋಕಾಲಿ ಆಡಿದಳು.

ಮೂರನೆಯ ಚೀಟಿ: ‘ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ. ಬೆಂಗಳೂರಿನ ರೋಗ, ಮೊಬೈಲಿನ ರೋಗ.’

ಹೆಸರು ಇರಲಿಲ್ಲ, ನಿಜ. ಹುಚ್ಚಿಗೂ ಸಾಮಾನ್ಯ ಮನೋವ್ಯಥೆಗೂ ನಡುವಿನ ಗಡಿಯಲ್ಲಿರುವವರು ಎಂಬ ಅರ್ಥದಲ್ಲಿ ಈ ಪದವನ್ನು ಅಡಾಲ್ಫ್ ಸ್ಟರ್ನ್ ಎಂಬ ಅಮೆರಿಕದ ಮನೋವಿಶ್ಲೇಷಕ ಬಳಕೆಗೆ ತಂದದ್ದು 1938ರಲ್ಲಿ. ಮನೋವೈದ್ಯರ ಅಧಿಕೃತ ಪಟ್ಟಿಗೆ ಸೇರಿದ್ದು 1980ರಲ್ಲಿ. ಅಂದರೆ ಮೊಬೈಲು ಹುಟ್ಟಿ ನಮ್ಮ ಕೈಗೆ ಬರುವ ಎಷ್ಟೋ ಮೊದಲು. ಹೆಸರಿಗೆ ಮುಂಚೆ ಜನ ಇರಲಿಲ್ಲವೇ? ನನ್ನ ಅಜ್ಜಿಯ ಊರು ತೀರ್ಥಹಳ್ಳಿ ಕಡೆ. ಅಲ್ಲಿ ಒಬ್ಬ ಸೊಸೆಗೆ ‘ಗಳಿಗೆ ಹೊತ್ತಿನವಳು’ ಎಂದೇ ಹೆಸರು. ಗಳಿಗೆಗೊಂದು ಬಣ್ಣ ಎಂದು. ಎರಡು ಸಲ ತವರಿಗೆ ಬಿಟ್ಟು ಬಂದರು, ಮೂರನೆಯ ಸಲ ಕರೆತರಲು ಯಾರೂ ಹೋಗಲಿಲ್ಲ. ಅವಳಿಗೆ ಇದೇ ಕಾಯಿಲೆ ಇತ್ತು ಎಂದು ನಾನು ಹೇಳಲಾರೆ, ಸತ್ತವರಿಗೆ ರೋಗ ಹಚ್ಚುವುದು ಸಲ್ಲದು. ನಿಮ್ಮ ಕಾಲದಲ್ಲಿ ಎಲ್ಲ ನೆಟ್ಟಗಿತ್ತು ಎನ್ನಬೇಡಿ, ಅಷ್ಟೇ.

ಬೆಂಗಳೂರಿನ ರೋಗ ಎಂಬ ಮಾತಂತೂ ಶಿವಮೊಗ್ಗೆಯವರ ಬಾಯಲ್ಲಿ ಬರಲೇಬಾರದು. ಮನಸ್ಸಿನ ಕಾಯಿಲೆಯ ಬಗ್ಗೆ ಎದೆ ಬಿಚ್ಚಿ ಮಾತಾಡುವುದನ್ನು ಈ ನಾಡಿಗೆ ಕಲಿಸಿದವರಲ್ಲಿ ಒಬ್ಬರು ನಮ್ಮೂರಿನ ಡಾ. ಕೆ.ಎ. ಅಶೋಕ್ ಪೈ. ಇಲ್ಲೇ ಮಾನಸ ಆಸ್ಪತ್ರೆ ಕಟ್ಟಿದರು, ಕನ್ನಡದಲ್ಲಿ ಬರೆದರು, ಊರೂರಲ್ಲಿ ಭಾಷಣ ಮಾಡಿದರು. ಅದೂ ಸಾಲದು ಎಂದು ಸಿನಿಮಾಕ್ಕೂ ಕೈ ಹಾಕಿದರು. 1988ರಲ್ಲಿ ಸುರೇಶ್ ಹೆಬ್ಳೀಕರ್ ನಿರ್ದೇಶಿಸಿದ ‘ಕಾಡಿನ ಬೆಂಕಿ’ಯ ಹಿಂದೆ ಇದ್ದವರು ಅವರೇ. ಮನಸ್ಸಿನ ತೊಡಕನ್ನೇ ಕಥೆಯಾಗಿ ಇಟ್ಟುಕೊಂಡ ಆ ಚಿತ್ರವನ್ನು ಆಗ ನಮ್ಮೂರಿನವರು ಟಾಕೀಸಿನಲ್ಲಿ ಕೂತು ನೋಡಿ, ಹೊರಗೆ ಬಂದು ಚರ್ಚೆ ಮಾಡಿದ್ದರು. 2016ರಲ್ಲಿ ಅವರು ತೀರಿಕೊಂಡಾಗ ಊರು ಅತ್ತಿತು. ಅತ್ತವರಲ್ಲಿ ಈ ಚೀಟಿ ಬರೆದವರೂ ಇದ್ದಿರಬಹುದು.

ಇನ್ನು ‘ಗ್ರಹಚಾರ, ಒಂದು ಶಾಂತಿ ಮಾಡಿಸಿ’ ಎಂಬ ಚೀಟಿ. ಮಾಡಿಸಿ ಆಯಿತು, ಎರಡು ಸಲ. ಭಟ್ಟರು ಒಳ್ಳೆಯವರು, ಊಟ ಚೆನ್ನಾಗಿತ್ತು. ಈ ಚೀಟಿಯಿಂದ ನನಗೆ ಹೊಳೆದದ್ದು ಬೇರೆ ವಿಷಯ: ಪತ್ರಿಕೆಗಳಲ್ಲಿ ಈ ಕಾಯಿಲೆಯನ್ನು ‘ವ್ಯಕ್ತಿತ್ವ ದೋಷ’ ಎಂದು ಬರೆಯುತ್ತಾರೆ. ಕುಜದೋಷ, ನಾಗದೋಷ, ವಾಸ್ತುದೋಷಗಳ ಜೊತೆ ಬೆಳೆದ ನಮ್ಮ ಕಿವಿಗೆ ದೋಷ ಎಂದ ಕೂಡಲೇ ಹುಟ್ಟಿನ ಕಳಂಕ ಕೇಳಿಸುತ್ತದೆ, ಪರಿಹಾರಕ್ಕೆ ಕುಕ್ಕೆ ನೆನಪಾಗುತ್ತದೆ. ಇಪ್ಪತ್ತನಾಲ್ಕು ವರ್ಷದ ಹುಡುಗಿಗೆ ‘ನಿನ್ನ ವ್ಯಕ್ತಿತ್ವದಲ್ಲೇ ದೋಷ’ ಎಂದು ಹೇಳಿ ನೋಡಿ. ಅವಳು ಅದನ್ನು ನಂಬುತ್ತಾಳೆ, ಅದಕ್ಕಿಂತ ಕೆಟ್ಟದ್ದು ಬೇಡ. ಬೇರೆ ಪದ ಹುಡುಕಬೇಕು. ನನ್ನ ಕೈಲಿ ಇನ್ನೂ ಆಗಿಲ್ಲ, ಕನ್ನಡ ಮೇಷ್ಟ್ರು ಎಂದು ಹೇಳಿಕೊಳ್ಳಲು ನಾಚಿಕೆ.

ಐದನೆಯ ಚೀಟಿಯ ಅಕ್ಷರ ಎಳೆಯದು, ಕಾಲೇಜು ಹುಡುಗಿಯದಿರಬೇಕು. ‘ಸಿಟ್ಟು ಮಾಡುವ ಹೆಣ್ಣುಮಕ್ಕಳಿಗೆ ಅಂಟಿಸುವ ಲೇಬಲ್ ಇದು. ಹಿಂದೆ ಹಿಸ್ಟೀರಿಯಾ ಎನ್ನುತ್ತಿದ್ದರು, ಈಗ ಬಾರ್ಡರ್‌ಲೈನ್ ಅನ್ನುತ್ತಾರೆ.’ ಹನ್ನೆರಡರಲ್ಲಿ ಇದೊಂದೇ ನನ್ನ ನಿದ್ದೆ ಕೆಡಿಸಿದ್ದು. ಅರ್ಧ ನಿಜ ಮಗಳೇ, ಆ ಅರ್ಧವನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಅಮೆರಿಕದ ಮನೋವೈದ್ಯರ ಪಟ್ಟಿಯಲ್ಲಿ ಒಂಬತ್ತು ಲಕ್ಷಣಗಳಿವೆ, ಐದು ಇದ್ದರೆ ಸಾಕು. ಐದೋ ಆರೋ ಎಂದು ಆರಿಸುತ್ತಾ ಹೋದರೆ 256 ಬಗೆಯಲ್ಲಿ ಈ ಕಾಯಿಲೆ ಬರಬಹುದು. ಇಬ್ಬರು ರೋಗಿಗಳ ನಡುವೆ ಒಂದೇ ಒಂದು ಲಕ್ಷಣ ಸಮಾನವಾಗಿದ್ದರೂ ಇಬ್ಬರಿಗೂ ಒಂದೇ ಹೆಸರು. ಇಷ್ಟು ಅಗಲದ ಬಲೆಯಲ್ಲಿ ವೈದ್ಯರಿಗೆ ಇಷ್ಟವಾಗದ ರೋಗಿಗಳೂ ಸಿಕ್ಕಿಬೀಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಗೂ ಇದು ಅರಿವಾಗಿದೆ. 2022ರಿಂದ ಜಾರಿಯಲ್ಲಿರುವ ಅದರ ಹನ್ನೊಂದನೆಯ ಪಟ್ಟಿಯಲ್ಲಿ ವ್ಯಕ್ತಿತ್ವದ ಕಾಯಿಲೆಗಳ ಹಳೆಯ ಹೆಸರುಗಳನ್ನೆಲ್ಲ ಕಿತ್ತುಹಾಕಿ, ತೊಂದರೆ ಎಷ್ಟು ತೀವ್ರ ಎಂದು ಮೊದಲು ಅಳೆಯಿರಿ ಎಂದಿದ್ದಾರೆ. ಬಾರ್ಡರ್‌ಲೈನ್ ಒಂದು ‘ಮಾದರಿ’ಯಾಗಿ ಅಲ್ಲಿ ಉಳಿದುಕೊಂಡಿದೆ.

ಉಳಿದ ಅರ್ಧದ ಕಥೆ ಬೇರೆ. ಇದು ಹೆಣ್ಣಿನ ಕಾಯಿಲೆ ಎಂಬುದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಎಣಿಸಿದವರ ಲೆಕ್ಕ. ಅಮೆರಿಕದಲ್ಲಿ 34 ಸಾವಿರಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ಕೇಳಿದ ಸಮೀಕ್ಷೆಯ ಫಲಿತಾಂಶ 2008ರಲ್ಲಿ ಬಂತು. ಗಂಡು-ಹೆಣ್ಣಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಹಾಗಾದರೆ ಗಂಡಸರೆಲ್ಲ ಎಲ್ಲಿ ಹೋದರು? ಅದೇ ಸಿಟ್ಟು, ಅದೇ ‘ನನ್ನನ್ನು ಬಿಟ್ಟುಹೋದಳು’ ಎಂಬ ಬೆಂಕಿ, ಅದೇ ದುಡುಕು. ಹುಡುಗಿಯಾದರೆ ಮನೋವೈದ್ಯರ ಹತ್ತಿರ ಕರೆದೊಯ್ಯುತ್ತಾರೆ, ಹುಡುಗನಾದರೆ ಬಾರಿಗೆ ಹೋಗುತ್ತಾನೆ, ಅಲ್ಲಿಂದ ಬೈಕಿನಲ್ಲಿ ನೂರಡಿ ರಸ್ತೆಗೆ, ಅಲ್ಲಿಂದ ಪೊಲೀಸ್ ಠಾಣೆಗೆ. ಠಾಣೆಯ ಪುಸ್ತಕದಲ್ಲಿ ಕಾಯಿಲೆಯ ಕಾಲಂ ಇಲ್ಲ. ಲೇಬಲ್ ಕಿತ್ತು ಎಸೆದರೆ ಹೆಣ್ಣುಮಕ್ಕಳಿಗೆ ಬಿಡುಗಡೆ ಸಿಗುತ್ತದೆ ಎಂದು ನಿನ್ನ ಆಸೆ. ನಮ್ಮವಳಿಗೆ ಹೆಸರು ಸಿಕ್ಕ ದಿನ ಅವಳು ಹೇಳಿದ್ದು ಹೀಗೆ: ‘ಅಂದ್ರೆ ನಾನು ಕೆಟ್ಟವಳಲ್ಲ?’ ಅದಕ್ಕೂ ಮುಂಚೆ ಅವಳಿಗೆ ಲೇಬಲ್ ಇರಲಿಲ್ಲ ಎಂದುಕೊಂಡೆಯಾ? ಇತ್ತು. ಹಟಮಾರಿ, ನಾಟಕದವಳು, ಮನೆ ಮುರಿಯುವವಳು. ಆ ಲೇಬಲ್ಲುಗಳಿಗೆ ಚಿಕಿತ್ಸೆ ಇರಲಿಲ್ಲ.

‘ಸಾಕಿದವರ ತಪ್ಪು. ತಾಯಿ ಕೆಲಸಕ್ಕೆ ಹೋದರೆ ಹೀಗೇ’ ಎಂದು ಒಬ್ಬರು ಬರೆದಿದ್ದಾರೆ. ನನ್ನ ತಂಗಿ ಅಂದು ಮೂರನೆಯ ಸಾಲಿನಲ್ಲಿ ಕೂತಿದ್ದಳು. ಈ ಚೀಟಿ ಓದದೆ ಉಳಿದದ್ದು ಪುಣ್ಯ. ಸ್ವೀಡನ್ನಿನಲ್ಲಿ 18 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ತೆಗೆದು, ಅಣ್ಣತಮ್ಮಂದಿರು, ಅವಳಿಗಳು ಎಂದೆಲ್ಲ ಹೋಲಿಸಿ ನೋಡಿದಾಗ ಈ ಕಾಯಿಲೆಯ ಒಲವಿನಲ್ಲಿ ನೂರಕ್ಕೆ 46 ಪಾಲು ವಂಶದಿಂದ ಬಂದದ್ದು ಎಂದು ಕಂಡಿತು. ಉಳಿದದ್ದು ಬದುಕು ಕೊಟ್ಟದ್ದು. ಅದರಲ್ಲಿ ಬಾಲ್ಯದ ಪೆಟ್ಟುಗಳಿವೆ, ನಿಜ. ರೋಗಿಗಳಲ್ಲಿ ಹತ್ತಕ್ಕೆ ಏಳು ಮಂದಿ ಬಾಲ್ಯದಲ್ಲಿ ಹಿಂಸೆಯನ್ನೋ ಅಲಕ್ಷ್ಯವನ್ನೋ ಅನುಭವಿಸಿದ್ದಾಗಿ ಹೇಳುತ್ತಾರೆ. ಹತ್ತಕ್ಕೆ ಮೂರು ಮಂದಿ ಅಂಥದ್ದೇನೂ ಇರಲಿಲ್ಲ ಎನ್ನುತ್ತಾರೆ. ಪೆಟ್ಟು ಕೊಟ್ಟವರೂ ಯಾವಾಗಲೂ ತಾಯಿಯೇ ಆಗಿರುವುದಿಲ್ಲ. ನಾವು ಪ್ರಶ್ನೆ ಕೇಳುವುದು ಮಾತ್ರ ತಾಯಿಯನ್ನೇ. ನಮ್ಮವಳ ವಿಷಯದಲ್ಲಿ ಏನಾಗಿತ್ತು ಎಂಬುದು ಕೆಂಪು ಶಾಯಿ ಬಿದ್ದ ಎರಡನೆಯ ಜಾಗ.

ಮದುವೆಯ ಚೀಟಿಗೆ ಬರುತ್ತೇನೆ. ಅದೂ ಒಂದಲ್ಲ, ಎರಡು. ‘ಒಂದು ಮದುವೆ ಮಾಡಿ, ಜವಾಬ್ದಾರಿ ಬಂದರೆ ಸರಿಹೋಗುತ್ತಾಳೆ’ ಎಂದು ಒಂದು. ‘ಇದನ್ನೆಲ್ಲ ಸಭೆಯಲ್ಲಿ ಹೇಳಿದರೆ ಯಾರು ಮದುವೆಯಾಗುತ್ತಾರೆ?’ ಎಂದು ಇನ್ನೊಂದು. ಎರಡನ್ನೂ ಒಬ್ಬರೇ ಬರೆದಂತೆ ಕಾಣುತ್ತದೆ. ಅಂದರೆ ಮುಚ್ಚಿಟ್ಟು ಮದುವೆ ಮಾಡಿ ಎಂದಾಯಿತು. ಬಿಟ್ಟುಹೋಗುತ್ತಾರೆ ಎಂಬ ಭಯವೇ ಕಾಯಿಲೆಯ ಬೇರು ಆಗಿರುವವಳನ್ನು ಗುರುತಿಲ್ಲದ ಮನೆಗೆ, ಗುರುತಿಲ್ಲದ ಗಂಡಿನ ಕೈಗೆ ಒಪ್ಪಿಸಿ, ಮಾತ್ರೆಯ ಡಬ್ಬವನ್ನು ಬೀರುವಿನಲ್ಲಿ ಬಚ್ಚಿಡು ಎಂದು ಹೇಳಿಕೊಡುವುದು ಯಾವ ಸೀಮೆ ಚಿಕಿತ್ಸೆ? ಮೂರು ತಿಂಗಳಿಗೆ ಬಯಲಾಗುತ್ತದೆ, ಆಮೇಲೆ ಕೋರ್ಟು. ಅಲ್ಲಿಯೂ ನೀವೆಂದುಕೊಂಡಷ್ಟು ಸಲೀಸಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆ ವಿಚ್ಛೇದನಕ್ಕೆ ಒಂದು ಕಾರಣ, ಹೌದು. ಆದರೆ 1988ರಲ್ಲಿ ರಾಮ್ ನಾರಾಯಣ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಾಯಿಲೆಯ ಹೆಸರು ಹೇಳಿದರೆ ಸಾಲದು, ಅದು ಎಷ್ಟರ ಮಟ್ಟಿಗೆ ಇದೆ ಎಂದು ತೂಗಬೇಕು ಎಂದಿತು. ಆ ತೀರ್ಪು ಬರೆದವರು ನಮ್ಮ ಕನ್ನಡಿಗರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು. ನಮ್ಮವಳು ಮದುವೆಯಾಗುತ್ತಾಳೋ ಇಲ್ಲವೋ, ಅದು ಅವಳಿಗೆ ಬಿಟ್ಟದ್ದು. ಆದರೆ ತಿಳಿದವನನ್ನೇ ಆಗುತ್ತಾಳೆ.

‘ಆಸ್ಪತ್ರೆಗೆ ಕರೆದೊಯ್ದರೆ ಪೊಲೀಸ್ ಕೇಸಾಗುತ್ತದೆ’ ಎಂಬ ಭಯದ ಚೀಟಿಗೆ ಮಾತ್ರ ನೆಟ್ಟಗೆ ಉತ್ತರ ಕೊಡುತ್ತೇನೆ, ಈ ಭಯದಿಂದ ಜೀವ ಹೋಗುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಅದರ 115ನೇ ಕಲಂ ಪ್ರಕಾರ, ಜೀವ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ವಿಚಾರಣೆ ನಡೆಸಿ ಶಿಕ್ಷೆ ಕೊಡುವ ಹಾಗಿಲ್ಲ, ಅವರ ಆರೈಕೆ ಸರ್ಕಾರದ ಹೊಣೆ. ಆತ್ಮಹತ್ಯೆಯ ಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೇ ಕಲಮೇ 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲಿ ಆ ರೂಪದಲ್ಲಿ ಇಲ್ಲ. ಆಸ್ಪತ್ರೆಯವರು ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸು) ಎಂದು ಒಂದು ಕಾಗದ ಬರೆದುಕೊಳ್ಳಬಹುದು. ಬರೆದುಕೊಳ್ಳಲಿ. ನೀವು ಗಾಡಿ ಹತ್ತಿಸಿ.

ಇನ್ನೊಂದು ಚೀಟಿಯನ್ನು ಬರೆದವರು ವಿಷಯ ತಿಳಿದವರು: ‘ವ್ಯಕ್ತಿತ್ವದ ಕಾಯಿಲೆಗೆ ಮದ್ದಿಲ್ಲ ಅಂತ ಡಾಕ್ಟರುಗಳೇ ಹೇಳ್ತಾರೆ. ಸುಮ್ಮನೆ ಮಾತ್ರೆ ಕೊಟ್ಟು ಮಲಗಿಸ್ತಾರೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ.’ ಮಾತ್ರೆಯ ಬಗ್ಗೆ ನೀವು ಹೇಳಿದ್ದು ಬಹುಮಟ್ಟಿಗೆ ಸರಿ. ಈ ಕಾಯಿಲೆಗೆಂದೇ ಮಂಜೂರಾದ ಮಾತ್ರೆ ಇಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2009ರಲ್ಲೇ, ಈ ಕಾಯಿಲೆಗೆಂದು ಔಷಧ ಕೊಡಬೇಡಿ ಎಂದಿತು. ಏರಿಳಿತ ತಡೆಯುತ್ತದೆ ಎಂದು ಬಹಳ ಜನ ನಂಬಿದ್ದ ಲ್ಯಾಮೊಟ್ರಿಜಿನ್ ಎಂಬ ಮಾತ್ರೆಯನ್ನು 276 ರೋಗಿಗಳ ಮೇಲೆ ಪರೀಕ್ಷಿಸಿ ನೋಡಿದರು. ಹುಸಿಮಾತ್ರೆಗಿಂತ ಒಂದಿಷ್ಟೂ ಹೆಚ್ಚಿನ ಗುಣ ಕಾಣಲಿಲ್ಲ. 2018ರಲ್ಲಿ ಆ ವರದಿ ಬಂತು. ಜೊತೆಗೆ ಖಿನ್ನತೆಯೋ ನಿದ್ರೆಗೇಡೋ ಇದ್ದರೆ ಅದಕ್ಕೆ ಮಾತ್ರೆ ಬೇರೆ ಮಾತು, ಹಾಗಾಗಿ ಇದನ್ನು ಓದಿ ಯಾರೂ ನಡೆಯುತ್ತಿರುವ ಮಾತ್ರೆ ನಿಲ್ಲಿಸಬೇಡಿ.

ಗಾದೆಯನ್ನು ಮಾತ್ರ ಒಪ್ಪುವುದಿಲ್ಲ. ಝನಾರಿನಿಯವರ ಆ 290 ಜನರನ್ನು ಮತ್ತೆ ನೆನೆಯಿರಿ. ಎಲ್ಲರೂ ಆಸ್ಪತ್ರೆಗೆ ಸೇರುವಷ್ಟು ಕಾಯಿಲೆ ಬಿದ್ದಿದ್ದವರು. ಹತ್ತು ವರ್ಷ ಕಳೆಯುವಷ್ಟರಲ್ಲಿ ನೂರಕ್ಕೆ 93 ಮಂದಿಯಲ್ಲಿ ಕಾಯಿಲೆ ಎರಡು ವರ್ಷ ತಲೆ ಎತ್ತದೆ ಅಡಗಿತ್ತು, 86 ಮಂದಿಯಲ್ಲಿ ನಾಲ್ಕು ವರ್ಷ. ಹುಟ್ಟುಗುಣ ಹೀಗೆ ಹೋಗುತ್ತದೆಯೇ? ಸಕ್ಕರೆ ಕಾಯಿಲೆಯವರಾದರೆ ಈ ಸಂಖ್ಯೆಗೆ ಹರಕೆ ಹೊರುತ್ತಿದ್ದರು. ಎಲ್ಲ ಸಿಹಿ ಎಂದೂ ಹೇಳಲಾರೆ: ಕೆಲಸ, ಸಂಬಂಧ ಎರಡೂ ನೆಟ್ಟಗಾಗಿ ಪೂರ್ತಿ ಚೇತರಿಸಿಕೊಂಡವರು ಅರ್ಧದಷ್ಟೇ. ಬಿರುಗಾಳಿ ನಿಲ್ಲುತ್ತದೆ, ಹಾರಿದ ಹೆಂಚು ಹೊದಿಸಲು ವರ್ಷಗಳು ಹಿಡಿಯುತ್ತವೆ.

ಗುಣ ಮಾಡಿದ್ದು ಏನು? ಮುಖ್ಯವಾಗಿ ಮಾತು ಮತ್ತು ಅಭ್ಯಾಸ. ಮಾರ್ಷಾ ಲಿನೆಹಾನ್ ಎಂಬಾಕೆ ರೂಪಿಸಿದ ಡಿಬಿಟಿ ಎಂಬ ಚಿಕಿತ್ಸೆಯ ಮೊದಲ ಪರೀಕ್ಷೆ ಪ್ರಕಟವಾದದ್ದು 1991ರಲ್ಲಿ. ಆಕೆಯ ವಾದ ಸರಳ: ಹುಟ್ಟಿನಿಂದಲೇ ಭಾವನೆಯ ಚರ್ಮ ತೆಳುವಾಗಿರುವ ಮಗು, ‘ಅಷ್ಟಕ್ಕೆಲ್ಲ ಅಳ್ತಾರಾ’ ಎನ್ನುವ ಸುತ್ತಲಿನ ಜನ, ಎರಡೂ ಸೇರಿ ವರ್ಷಗಟ್ಟಲೆ ತಿಕ್ಕಾಡಿ ಈ ಕಾಯಿಲೆ ಬೆಳೆಯುತ್ತದೆ. ಅಂದರೆ ಗುಂಡು ಅಕ್ಷರದವರ ಚೀಟಿ ಬರೀ ಅಭಿಪ್ರಾಯವಲ್ಲ, ರೋಗಕ್ಕೆ ಹಾಕುವ ಗೊಬ್ಬರ. ನಾನೂ ಹಾಕಿದ್ದೆ. ಲಿನೆಹಾನ್ 2011ರಲ್ಲಿ, ತಮ್ಮ ಇಳಿವಯಸ್ಸಿನಲ್ಲಿ, ಒಂದು ಸಭೆಯಲ್ಲಿ ಎದ್ದು ನಿಂತು ತಾನೂ ಹದಿನೇಳನೆಯ ವಯಸ್ಸಿನಲ್ಲಿ ಇದೇ ಬಗೆಯ ಯಾತನೆಯಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಮಾನಸಿಕ ಆಸ್ಪತ್ರೆಯಲ್ಲಿದ್ದೆ ಎಂದು ಹೇಳಿದರು. ಹೇಳಿದ್ದು ತಾವು ಒಳರೋಗಿಯಾಗಿದ್ದ ಅದೇ ಆಸ್ಪತ್ರೆಯಲ್ಲಿ.

ಅದೆಲ್ಲ ಬೆಂಗಳೂರಿನಲ್ಲಿ, ನಿಮ್ಹಾನ್ಸ್‌ನಲ್ಲಿ ಮಾತ್ರ ಎನ್ನುವವರಿಗೆ: ಕೆನಡಾದಲ್ಲಿ 180 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಒಂದು ವರ್ಷ ಡಿಬಿಟಿ, ಇನ್ನೊಂದಕ್ಕೆ ಶಿಸ್ತಾಗಿ ವಾರವಾರ ನೋಡುವ ಸಾಮಾನ್ಯ ಮನೋವೈದ್ಯ ಚಿಕಿತ್ಸೆ ಕೊಟ್ಟರು. 2009ರಲ್ಲಿ ಬಂದ ಫಲಿತಾಂಶದಲ್ಲಿ ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ ಸಮ ಸುಧಾರಿಸಿದ್ದವು. ವಾರವಾರ, ಒಬ್ಬರೇ ವೈದ್ಯರು, ಬೇಸರಿಸದೆ ನೋಡುವುದೇ ಅರ್ಧ ಮದ್ದು. ಅದಕ್ಕೆ ನಮ್ಮ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಎಂಬ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ ಮಾಡಿದೆ. ನಡುರಾತ್ರಿಗೆ 14416 ಇದೆ, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ನಮ್ಮ ಮನೆಯಲ್ಲಿ ಅಭ್ಯಾಸ ಹೇಗಿರುತ್ತದೆ ಎಂದು ಒಬ್ಬರು ನಿಜಕ್ಕೂ ಕೇಳಿದ್ದರು; ಎರಡು ಪ್ರಶ್ನೆಗಳಲ್ಲಿ ಅದು ಒಂದು. ಫ್ರಿಜ್ಜಿನಲ್ಲಿ ಯಾವಾಗಲೂ ಒಂದು ಪಾತ್ರೆ ನೀರು ಇರುತ್ತದೆ. ಉರಿ ಏರುತ್ತಿದೆ ಎಂದು ಗೊತ್ತಾದ ಕೂಡಲೇ ಅವಳು ಅದನ್ನು ಅಗಲದ ಬೋಗುಣಿಗೆ ಸುರಿದು, ಐಸು ಹಾಕಿ, ಉಸಿರು ಹಿಡಿದು ಮುಖ ಮುಳುಗಿಸುತ್ತಾಳೆ. ಮೂವತ್ತು ಎಣಿಸುವಷ್ಟು ಹೊತ್ತು. ತಣ್ಣೀರು ಮುಖಕ್ಕೆ ತಾಗಿದಾಗ ಎದೆಬಡಿತ ತಾನಾಗಿ ಇಳಿಯುತ್ತದೆ, ಮೀನು ಹಿಡಿಯಲು ಮುಳುಗುವವರಿಗೆ ಇದು ಮೊದಲೇ ಗೊತ್ತು. (ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಮಾಡಬಾರದು.) ಮುಖ ಎತ್ತಿದಾಗ ಅವಳ ಹುಬ್ಬಿನಿಂದ ನೀರು ತೊಟ್ಟಿಕ್ಕುತ್ತಿರುತ್ತದೆ, ಕೆಲವೊಮ್ಮೆ ನಗುತ್ತಾಳೆ, ಹೆಚ್ಚಿನ ಸಲ ಇಲ್ಲ. ಮೆಸೇಜು ಕಳಿಸುವುದು ಅದಾದ ಮೇಲೆ. ಆ ಮೂವತ್ತು ಎಣಿಕೆಯಲ್ಲಿ ಎಷ್ಟು ಸ್ನೇಹಗಳು ಉಳಿದಿವೆ ಎಂದು ನನಗೆ ಗೊತ್ತಿದೆ.

ಕೊನೆಯ ಚೀಟಿ ಪೆನ್ಸಿಲಿನದು, ಬಸ್ ಟಿಕೆಟಿನಷ್ಟು ಅಗಲದ ಕಾಗದ. ‘ನಮ್ಮನೇಲೂ ಇದೆ. ನಾವೂ ಮನುಷ್ಯರು. ನಮಗೂ ಸಾಕಾಗಿದೆ.’ ಇದಕ್ಕೆ ನನ್ನಲ್ಲಿ ಖಂಡನೆ ಇಲ್ಲ. ಸಾಕಾಗುತ್ತದೆ. ನನ್ನ ತಂಗಿಗೆ ರಕ್ತದೊತ್ತಡ ಶುರುವಾದದ್ದು ಇದರಿಂದಲೇ. ಈಗ ಅವಳು ಗುರುವಾರ ಸಂಜೆ ಭಜನೆಗೆ ಹೋಗುತ್ತಾಳೆ, ಆ ಎರಡು ಗಂಟೆ ಫೋನು ತೆಗೆಯುವುದಿಲ್ಲ. ಮೊದಲ ಮೂರು ಗುರುವಾರ ಮನೆಯಲ್ಲಿ ಯುದ್ಧವೇ ಆಯಿತು. ನಾಲ್ಕನೆಯದಕ್ಕೆ ಹುಡುಗಿಯೇ ತಾಯಿಯ ಚಪ್ಪಲಿ ತಂದಿಟ್ಟಳು. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೇವೆ, ಮೂವರೂ ಕೂತು ಬರೆದದ್ದು: ರಾತ್ರಿ ಹತ್ತರ ಮೇಲೆ ಜಗಳ ಇಲ್ಲ, ಬೆಳಗ್ಗೆ ಮುಂದುವರಿಸಬಹುದು. ಸಾಮಾನು ಎಸೆದವರು ತಾವೇ ಎತ್ತಿಡಬೇಕು. ‘ನಾಟಕ’ ಎಂಬ ಪದ ಈ ಮನೆಯಲ್ಲಿ ಬಳಸುವಂತಿಲ್ಲ. ಅದರ ಕೆಳಗೆ ಪೆನ್ಸಿಲಿನಲ್ಲಿ ಅವಳು ಆಮೇಲೆ ಸೇರಿಸಿದ್ದಾಳೆ: ‘ದೊಡ್ಡಮ್ಮ ರಂಗಾಯಣದ ಬಗ್ಗೆ ಮಾತಾಡುವಾಗ ವಿನಾಯಿತಿ.’